ಅರ್ಧ ಡಿಗ್ರಿಯ ಅಂತರ

"ಇಪ್ಪತ್ತಾರು ಪಾಯಿಂಟ್ ಒಂಬತ್ತು," ಎಂದೆ ನಾನು.

"ಪಾಯಿಂಟ್ ನಾಲ್ಕು," ಎಂದಳು ನನ್ನ ನಾದಿನಿ.

"ಕನ್ನಡಕ ಹಾಕ್ಕೊಂಡು ನೋಡು."

"ಹಾಕ್ಕೊಂಡೇ ಇದ್ದೀನಿ. ನೀವು ಒರೆಸ್ಕೊಂಡು ನೋಡಿ ಅತ್ತಿಗೆ."

ಒರೆಸಿಕೊಂಡೆ. ಮತ್ತೆ ನೋಡಿದೆ. ಪಾದರಸ ಪಾಯಿಂಟ್ ಒಂಬತ್ತರ ಗೀಟಿಗೇ ತಲೆ ತಾಗಿಸಿಕೊಂಡು ನಿಂತಿತ್ತು. ಐವತ್ತೆಂಟಕ್ಕೆಲ್ಲ ನನ್ನ ಕಣ್ಣು ನನಗೇ ಸುಳ್ಳು ಹೇಳುತ್ತದೆ ಎಂದರೆ ನಾನು ಒಪ್ಪುವವಳಲ್ಲ.

ಗುಡ್ಡದ ಮೇಲಿನ ಹಳೆಯ ಹವಾಮಾನ ಕೇಂದ್ರದ ಹಿತ್ತಲು ಅದು. ನಡುವೆ ನಾಲ್ಕು ಕಾಲಿನ ಮೇಲೆ ಬಿಳಿ ಬಣ್ಣದ ಮರದ ಪೆಟ್ಟಿಗೆ, ಗಾಳಿಯಾಡಲೆಂದು ಸುತ್ತಲೂ ಓರೆಪಟ್ಟಿಗಳ ಗೋಡೆ. ಒಳಗೆ ಒಂದು ಥರ್ಮಾಮೀಟರು. ಪಕ್ಕದಲ್ಲಿ ನಿಧಾನವಾಗಿ ತಿರುಗುವ ಒಂದು ಡ್ರಮ್ಮು. ಅದಕ್ಕೆ ಸುತ್ತಿದ ಕಾಗದದ ಮೇಲೆ ಪುಟ್ಟ ಪೆನ್ನೊಂದು ತನ್ನಷ್ಟಕ್ಕೆ ತಾನೇ ಉಷ್ಣತೆಯ ಗೀಟು ಎಳೆಯುತ್ತ ಹೋಗುತ್ತದೆ. ಶುಕ್ರವಾರದ ಸಮಾರಂಭಕ್ಕೆಂದು ಕಚೇರಿಯವರು ಎಲ್ಲವನ್ನೂ ಒರೆಸಿ, ರಿಪೇರಿ ಮಾಡಿ, ಮೊದಲಿದ್ದ ಮೊಳೆಗೇ ಮತ್ತೆ ಕೂರಿಸಿದ್ದರು.

ಕಾವಲುಗಾರ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತ, ಪುಕ್ಕಟೆ ನಾಟಕ ನೋಡಿದ ಹಾಗೆ ನಮ್ಮಿಬ್ಬರ ಜಗಳ ನೋಡುತ್ತಿದ್ದ.

ಎರಡು ತಿಂಗಳಿಂದ ನಾನು ಬೆನ್ನು ಹತ್ತಿರುವ ಹೆಂಗಸು, ಊರವರ ಬಾಯಲ್ಲಿ ಮಳೆಮೇಡಂ, ಇದೇ ಪೆಟ್ಟಿಗೆಯ ಮುಂದೆ ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಎಂಟಕ್ಕೆ ನಿಂತು ಅಂಕಿ ಬರೆದವಳು, ಒಂದು ದಿನವೂ ತಪ್ಪಿಸದವಳು. ಆಕೆ ಹುಟ್ಟಿದ ಮನೆ ಸಿಕ್ಕಿದೆ, ಕೊನೆಯುಸಿರು ಎಳೆದ ಮನೆ ಸಿಕ್ಕಿಲ್ಲ. ಇವತ್ತಿನ ಮಟ್ಟಿಗೆ ಇಷ್ಟು ಗೊತ್ತಿದ್ದರೆ ಸಾಕು.

"ಹಟ ಬಿಡಿ ಅತ್ತಿಗೆ," ಎನ್ನುತ್ತ ನಾದಿನಿ ಕೆನ್ನೆಗೆ ಕೆನ್ನೆ ತಾಗುವಷ್ಟು ಬಗ್ಗಿ, ನಾನು ಬೆರಳು ತೋರಿಸಿದ ಕಡೆಗೇ ನೋಡಿದಳು. ಸುಮ್ಮನಾದಳು.

"ಯಾಕೆ, ಬಾಯಿ ಬಿದ್ದುಹೋಯ್ತಾ?"

"ಒಂಬತ್ತೇ ಕಾಣ್ತಿದೆ."

ನೆಟ್ಟಗೆ ನಿಂತಳು. "ಈಗ ನಾಲ್ಕು." ಬಗ್ಗಿದಳು. "ಒಂಬತ್ತು." ಮತ್ತೆ ನಿಂತಳು, ಮತ್ತೆ ಬಗ್ಗಿದಳು. ಕಾವಲುಗಾರ ಲೋಟ ಕೆಳಗಿಟ್ಟು, "ಮೇಡಂಗೆ ಸೊಂಟ ಹಿಡ್ಕೊಂಡಿದೆಯಾ?" ಎಂದು ಕೇಳಿದ.

ನನ್ನ ನಾದಿನಿ ಆರಡಿಗೆ ಎರಡು ಬೆರಳು ಕಡಿಮೆ. ನಾನು ಐದಡಿ ಎಂದು ಹೇಳಿಕೊಳ್ಳುತ್ತೇನೆ, ಎದುರಿಗೆ ಟೇಪು ಹಿಡಿದವರು ಇಲ್ಲದಿದ್ದರೆ. ಮದುವೆಯ ಫೋಟೋದಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತದ್ದು ನೋಡಿ ನನ್ನ ಗಂಡ ಸಾಯುವವರೆಗೂ ನಕ್ಕರು.

"ಇದು ಕಣ್ಣಿನ ಮಟ್ಟದ ತಕರಾರು," ಎಂದಳು ಅವಳು. ಮೂವತ್ತು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಸಿರಪ್ಪು ಅಳೆದು ಕೊಟ್ಟವಳು. "ಗಾಜಿನ ಕೊಳವೆ ಮುಂದಿದೆ, ಅಂಕಿ ಬರೆದ ಹಲಗೆ ಹಿಂದಿದೆ. ಮಧ್ಯೆ ಉಗುರಿನಷ್ಟು ಸಂದು. ನೇರ ನಿಂತು ನೋಡಿದ್ರೆ ಸರಿಯಾಗಿ ಕಾಣುತ್ತೆ. ಕೆಳಗಿನಿಂದ ತಲೆ ಎತ್ತಿ ನೋಡಿದ್ರೆ, ಪಾದರಸ ಹಿಂದಿನ ಹಲಗೆಯಲ್ಲಿ ಇನ್ನೂ ಮೇಲಿನ ಗೀಟಿಗೆ ಮುಟ್ಟಿದ ಹಾಗೆ ಕಾಣುತ್ತೆ. ಕುಳ್ಳಗಿರೋರಿಗೆ ಯಾವಾಗಲೂ ಜಾಸ್ತೀನೇ."

"ಯಾರನ್ನ ಕುಳ್ಳಿ ಅಂತಿದ್ದೀಯ?"

"ಸಾಮಾನ್ಯವಾಗಿ ಹೇಳಿದೆ."

"ಡ್ರಮ್ಮಿನ ಅಂಕಿ?"

"ಅದರ ಪೆನ್ನು ಕಾಗದಕ್ಕೇ ಅಂಟಿಕೊಂಡಿದೆ, ಸಂದು ಎಲ್ಲಿಂದ ಬರಬೇಕು? ಆಕಾಶದಿಂದ ನೋಡಿ, ಪಾತಾಳದಿಂದ ನೋಡಿ, ಅದೇ ಅಂಕಿ."

ಪೆಟ್ಟಿಗೆಯ ಕಾಲು ಹಿಡಿದುಕೊಂಡು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಹದಿನೈದು ದಿನದ ಹಿಂದೆ, ಕಚೇರಿಯ ದಾಖಲೆ ಕೋಣೆಯಲ್ಲಿ ಧೂಳು ಕುಡಿಯುತ್ತ, ಮಳೆಮೇಡಮ್ಮಿನ ಮೂವತ್ತೊಂದು ವರ್ಷದ ಪುಸ್ತಕಗಳ ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದೆ. ಪ್ರತಿ ದಿನಕ್ಕೆ ಎರಡು ಅಂಕಿ. ಒಂದು ಕಣ್ಣಿನಿಂದ ನೋಡಿ ಬರೆದದ್ದು, ಇನ್ನೊಂದು ಡ್ರಮ್ಮಿನ ಕಾಗದದಿಂದ ಬರೆದದ್ದು. ಕೊನೆಯಲ್ಲಿ ಸಹಿ. ಅಷ್ಟೇ, ಬೇರೆ ಒಂದಕ್ಷರವಿಲ್ಲ.

ಮೊದಲ ಇಪ್ಪತ್ತು ವರ್ಷ ಎರಡು ಅಂಕಿಗಳೂ ಅಕ್ಕತಂಗಿಯರ ಹಾಗೆ ಜೊತೆಜೊತೆಯಾಗಿ ನಡೆದಿವೆ. ಆಮೇಲೆ ಒಂದು ಬೆಳಿಗ್ಗೆಯಿಂದ ಇದ್ದಕ್ಕಿದ್ದ ಹಾಗೆ ಕಣ್ಣಿನ ಅಂಕಿ ಐದು ಪಾಯಿಂಟು, ಅಂದರೆ ಅರ್ಧ ಡಿಗ್ರಿ, ಮೇಲೆ. ಮರುದಿನವೂ ಐದು. ಅದರ ಮರುದಿನವೂ. ಪಕ್ಕದಲ್ಲಿ ಇನ್‌ಸ್ಪೆಕ್ಟರೊಬ್ಬರ ಕೆಂಪು ಶಾಯಿ: "ಥರ್ಮಾಮೀಟರು ಹಳೆಯದಾಗಿದೆ, ಬದಲಿಸಿ." ಬದಲಿಸಿದರು. ಐದು ಹೋಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೂರು ಥರ್ಮಾಮೀಟರು ಬಂದವು, ಐದು ಪಾಯಿಂಟು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ವಯಸ್ಸಾಗುತ್ತ ಆಕೆಯ ಕಣ್ಣು ಮಂಜಾಗಿರಬೇಕು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡು ಟಿಪ್ಪಣಿ ಬರೆದಿದ್ದೆ. ಜೀವನಚರಿತ್ರೆ ಬರೆಯುವವರ ದೊಡ್ಡ ರೋಗ ಇದು, ಗೊತ್ತಿಲ್ಲದ ಕಡೆ ವಯಸ್ಸಿನ ಮೇಲೆ ಹಾಕಿಬಿಡುವುದು.

"ಸೇವಾ ಕಡತದಲ್ಲಿ ಮಳೆಮೇಡಮ್ಮಿನ ಎತ್ತರ ಐದಡಿ ಒಂಬತ್ತಂಗುಲ," ಎಂದೆ. "ಈ ಪೆಟ್ಟಿಗೆ ಮಾಡಿಸಿದ್ದೂ ಆಕೆಯೇ, ತನ್ನ ಕಣ್ಣಿನ ಮಟ್ಟಕ್ಕೆ."

"ಬೆನ್ನು ಬಗ್ಗಿರಬಹುದು."

"ಒಂದೇ ರಾತ್ರಿಯಲ್ಲಿ?"

ನಾದಿನಿ ನನ್ನ ಪಕ್ಕ ಕೂತಳು. ಕೊನೆಯ ಹನ್ನೊಂದು ವರ್ಷ ಈ ಪೆಟ್ಟಿಗೆಯ ಮುಂದೆ ನಿಂತವಳು ಮಳೆಮೇಡಂ ಅಲ್ಲ. ನನ್ನಷ್ಟೇ ಎತ್ತರದ ಬೇರೆ ಯಾರೋ.

ನನ್ನ ಪುಸ್ತಕದಲ್ಲಿ ಆಕೆಯ ಅಧ್ಯಾಯದ ಹೆಸರು 'ಒಂದು ದಿನವೂ ತಪ್ಪದವಳು'. ಅಚ್ಚಿಗೆ ಹೋಗಲು ಎರಡು ದಿನ ಬಾಕಿ.

*

ಕಾರಿನಲ್ಲಿ ಕೂತು ಅನುಮಾನದ ಪಟ್ಟಿ ಮಾಡಿದೆವು. ಪಟ್ಟಿ ಎಂದರೆ ಮೂರೇ ಜನ.

ಹದಿನೈದು ದಿನಕ್ಕೊಮ್ಮೆ ಕಾಗದ, ಶಾಯಿ ತಂದು ಗೇಟಿನಲ್ಲೇ ಇಟ್ಟುಹೋಗುತ್ತಿದ್ದ ಕಚೇರಿಯ ಗುಮಾಸ್ತ. ಆತ ಗ್ರೂಪ್ ಫೋಟೋದಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ. ಆತನ ಹೆಸರು ಹೊಡೆದುಹಾಕಿದೆ.

ಮನೆಯಲ್ಲಿದ್ದ ಹುಡುಗಿ, ಮಳೆಮೇಡಮ್ಮಿನ ಅಣ್ಣನ ಮಗಳು. ಆಗ ಅವಳಿಗೆ ಒಂಬತ್ತು.

"ಒಂಬತ್ತು ವರ್ಷದವಳು ಹನ್ನೊಂದು ವರ್ಷದಲ್ಲಿ ಬೆಳೀತಾಳೆ ಅತ್ತಿಗೆ. ಬೆಳೆದ ಹಾಗೆ ತಪ್ಪು ಕಡಿಮೆ ಆಗಬೇಕಿತ್ತು. ಮೊದಲ ದಿನವೂ ಐದು, ಕೊನೆಗೂ ಐದು ಅಂದ್ರೆ, ಬೆಳೆಯೋದು ಮುಗಿದ ಹೆಂಗಸು."

ನಾನು ಓದಿದವಳು, ಹತ್ತು ಪುಸ್ತಕ ಬರೆದವಳು. ಸಿರಪ್ಪು ಅಳೆದವಳಿಗೆ ಇದು ಮೊದಲು ಹೊಳೆಯಿತಲ್ಲ ಎಂದು ಒಳಗೊಳಗೇ ಸ್ವಲ್ಪ ಉರಿಯಿತು.

ಉಳಿದವಳು ಒಬ್ಬಳೇ. ಮಳೆಮೇಡಮ್ಮಿನ ಅತ್ತಿಗೆ, ಆ ಹುಡುಗಿಯ ತಾಯಿ. ಅಣ್ಣ ಬೇಗ ತೀರಿಕೊಂಡ ಮೇಲೆ ಕೇಂದ್ರವೂ ಆಗಿದ್ದ ಗುಡ್ಡದ ಆ ಮನೆಯಲ್ಲಿ ಇದ್ದದ್ದು ಅತ್ತಿಗೆ, ನಾದಿನಿ, ಮಗು, ಅಷ್ಟೇ. ಅವರಿಬ್ಬರೂ ಹಾವು ಮುಂಗುಸಿ ಎಂದು ನನಗೆ ಸಿಕ್ಕಿದವರೆಲ್ಲ ಹೇಳಿದ್ದರು. ಅತ್ತಿಗೆಗೆ ಅಕ್ಷರ ಬರುತ್ತಿರಲಿಲ್ಲ ಎಂದೂ ಹೇಳಿದ್ದರು. ನನ್ನ ಅಧ್ಯಾಯದಲ್ಲಿ ಆಕೆಗೆ ಸಿಕ್ಕಿದ್ದು ಒಂದೂವರೆ ಸಾಲು, ಅದರಲ್ಲೂ ಒಂದು ಸಾಲು ಜಗಳದ್ದು.

ಅಷ್ಟರಲ್ಲಿ ಫೋನು. ಹವಾಮಾನ ಕಚೇರಿಯ ಡೈರೆಕ್ಟರು, ಬಹಳ ಮರ್ಯಾದಸ್ಥ. ಶುಕ್ರವಾರ ಮಳೆಮೇಡಮ್ಮಿನ ಭಾವಚಿತ್ರ ಅನಾವರಣ, ನನ್ನ ಭಾಷಣ ಹತ್ತು ನಿಮಿಷ ಮೀರಬಾರದು ಎಂದು ನೆನಪಿಸಲು ಮಾಡಿದ್ದರು.

"ಸರ್, ಸುಮ್ಮನೆ ಒಂದು ಪ್ರಶ್ನೆ," ಎಂದೆ. "ಮೇಡಂ ಹೆಸರಲ್ಲಿ ಬೇರೆ ಯಾರಾದ್ರೂ ಅಂಕಿ ಬರೆದಿದ್ರೆ ಏನಾಗುತ್ತೆ?"

"ಸಹಿ ಒಬ್ಬರದು, ಕಣ್ಣು ಒಬ್ಬರದು ಅಂತಾದ್ರೆ ಅದು ಸುಳ್ಳು ದಾಖಲೆ ಅಮ್ಮ. ಆ ವರ್ಷಗಳನ್ನ ಹಾಗೇ ತೆಗೆದುಹಾಕ್ತೀವಿ. ಭಾವಚಿತ್ರದ ಮಾತಂತೂ ಬಿಡಿ." ಸ್ವಲ್ಪ ತಡೆದು, "ಯಾಕೆ ಕೇಳಿದ್ರಿ?" ಎಂದರು.

"ಭಾಷಣಕ್ಕೆ ಸ್ವಾರಸ್ಯ ಇರಲಿ ಅಂತ," ಎಂದು ಫೋನು ಇಟ್ಟೆ. ಸುಳ್ಳು ಹೇಳಿದಾಗ ನನ್ನ ಕಿವಿ ಬಿಸಿಯಾಗುತ್ತದೆ.

ನಾದಿನಿ ಕಾರು ಸ್ಟಾರ್ಟ್ ಮಾಡಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತಿದ್ದಳು.

"ಬಿಟ್ಟುಬಿಡೋಣವಾ ಅತ್ತಿಗೆ? ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಬಿಟ್ರೆ ಆ ಅತ್ತಿಗೆ ಒಂದೂವರೆ ಸಾಲಿನಲ್ಲೇ ಇರ್ತಾಳೆ."

"ಬರೆದ್ರೆ ನಾದಿನಿಯ ಫೋಟೋ ಕೆಳಗಿಳಿಯುತ್ತೆ."

ನಾಲ್ಕು ವರ್ಷದ ಹಿಂದೆ, ನನ್ನ ಗಂಡ ಹೋದ ಹದಿನೈದನೇ ದಿನ, ಇವಳು ಒಂದು ಸೂಟ್‌ಕೇಸು ಹಿಡಿದು ಬಂದು, "ನಿಮಗೆ ಡ್ರೈವಿಂಗ್ ಬರಲ್ಲ, ಊರೂರು ತಿರುಗೋದು ಹೇಗೆ?" ಎಂದು ಕೇಳಿದಳು. ಮತ್ತೆ ಹಿಂದಿರುಗಿ ಹೋಗಲೇ ಇಲ್ಲ. ದಿನಕ್ಕೆ ಮೂರು ಸಲ ಜಗಳವಾಡುತ್ತೇವೆ. ಅವಳಿಲ್ಲದಿದ್ದರೆ ನಾನು ಮೊದಲ ವರ್ಷವೇ ಹಾಸಿಗೆ ಹಿಡಿಯುತ್ತಿದ್ದೆ, ಅದು ಅವಳಿಗೂ ಗೊತ್ತು. ಹೇಳಿಕೊಂಡಿಲ್ಲ, ಅಷ್ಟೇ.

"ಟೀಚರ್ ಮನೆಗೆ ನಡಿ," ಎಂದೆ. "ಅವರನ್ನ ಕೇಳದೆ ಒಂದಕ್ಷರ ಬರೆಯಲ್ಲ, ಒಂದಕ್ಷರ ಅಳಿಸಲ್ಲ."

*

ಟೀಚರ್ ಎಂದರೆ ಅಂದಿನ ಆ ಹುಡುಗಿ. ಈಗ ಎಂಬತ್ತು. ನಲವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬೇಕರಿಯ ಮೇಲಿನ ಎರಡು ಕೋಣೆಯ ಮನೆ, ಮೆಟ್ಟಿಲು ಹತ್ತುವಾಗಲೇ ಬಿಸಿ ಬ್ರೆಡ್ಡಿನ ವಾಸನೆ. ಮುಂದಿನ ಕೋಣೆಯ ಗೋಡೆಗೆ ಈಗಲೂ ಒಂದು ಕಪ್ಪುಹಲಗೆ. ಅದರ ಮೇಲೆ ಹಾಲಿನವನ ಫೋನ್ ನಂಬರು, ಮಾತ್ರೆ ನುಂಗುವ ಹೊತ್ತು, ಒಂದು ಮೂಲೆಯಲ್ಲಿ ಅರ್ಧ ಬಿಡಿಸಿದ ಲೆಕ್ಕ.

"ಬನ್ನಿ ಲೇಖಕಿಯಮ್ಮ," ಎಂದರು. "ಮತ್ತೆ ನನ್ನ ತಲೆ ತಿನ್ನೋಕೆ ಬಂದ್ರಾ? ಫೋಟೋ ಎಲ್ಲ ಕೊಟ್ಟಾಯ್ತಲ್ಲ."

ಟೀ ಕೊಟ್ಟರು. ಅವರ ಬೆರಳಿನ ಸಂದಿಯಲ್ಲಿ ಚಾಕ್‌ಪುಡಿ ಇತ್ತು. ಎದ್ದು ನಿಂತಾಗ ಅವರ ತಲೆ ನನ್ನ ತಲೆಯ ಮಟ್ಟಕ್ಕೇ ಬಂತು. ಇಷ್ಟು ದಿನ ನೋಡಿಯೂ ನೋಡಿರಲಿಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನಗೆ ಬರುವುದಿಲ್ಲ. ನೇರ ಕೇಳಿದೆ. "ಟೀಚರ್, ನಿಮ್ಮ ತಾಯಿ ಎಷ್ಟು ಎತ್ತರ ಇದ್ರು?"

"ನನ್ನಷ್ಟೇ. ಯಾಕೆ?"

"ಅವರಿಗೆ ಬರೆಯೋಕೆ ಬರ್ತಿತ್ತಾ?"

"ಹೆಬ್ಬೆಟ್ಟು," ಎಂದರು ಟೀಚರ್. ಉತ್ತರ ತುಂಬ ಬೇಗ ಬಂತು. "ಸಾಯೋವರೆಗೂ ಹೆಬ್ಬೆಟ್ಟು. ರೇಷನ್ ಅಂಗಡಿಯಲ್ಲಿ ಕೇಳಿದ್ರೂ ಹೇಳ್ತಿದ್ರು."

ನಾನು ವಾದ ಮಾಡಲಿಲ್ಲ. ಒಂದು ಕಾಗದದಲ್ಲಿ ಬರೆದುಕೊಂಡು ಬಂದಿದ್ದ ಹತ್ತು ದಿನದ ಅಂಕಿಗಳನ್ನು ಅವರ ಮುಂದಿಟ್ಟೆ. ಎಡಗಡೆ ಕಣ್ಣಿನದು, ಬಲಗಡೆ ಡ್ರಮ್ಮಿನದು.

ಗಣಿತದ ಮೇಷ್ಟ್ರ ಮುಂದೆ ಎರಡು ಸಾಲು ಅಂಕಿ ಇಟ್ಟರೆ ಅವರು ಕಳೆಯದೆ ಇರಲಾರರು. ಟೀಚರ್ ಮುಖ ತಿರುಗಿಸಿದರು, ಕಣ್ಣು ತಿರುಗಲಿಲ್ಲ. ತುಟಿ ಆಡತೊಡಗಿತು. ಐದು. ಐದು. ಐದು. ಒಂದು ಕಡೆ ನಾಲ್ಕು. ಮತ್ತೆ ಐದು.

"ನಾವು ಇವತ್ತು ಬೆಳಿಗ್ಗೆ ಆ ಪೆಟ್ಟಿಗೆ ಮುಂದೆ ನಿಂತಿದ್ವಿ," ಎಂದಳು ನಾದಿನಿ ಮೆಲ್ಲಗೆ. "ನನಗೆ ಕಂಡಿದ್ದು ಒಂದು, ಅತ್ತಿಗೆಗೆ ಕಂಡಿದ್ದು ಒಂದು. ಅಂತರ ಐದು."

ಟೀಚರ್ ನಮ್ಮಿಬ್ಬರನ್ನೂ ನೋಡಿದರು. ಉದ್ದ, ಗಿಡ್ಡ. ಮತ್ತೆ ಉದ್ದ, ಗಿಡ್ಡ. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹೌದಾ? ಇಷ್ಟೇನಾ?" ಎಂದರು. "ಎತ್ತರದ ತಪ್ಪಾ ಅದು? ನಾನು ಹದಿನಾಲ್ಕು ವರ್ಷದವಳಿದ್ದಾಗಲೇ ನೋಡಿದ್ದೆ. ಕಾರಣ ಗೊತ್ತಾಗಿರಲಿಲ್ಲ. 'ಅಮ್ಮ, ಎರಡೂ ಅಂಕಿ ತಾಳೆ ಆಗ್ತಿಲ್ಲ, ಡ್ರಮ್ಮಿನದ್ದನ್ನೇ ಎರಡು ಕಡೆನೂ ಬರೆದುಬಿಡು, ಯಾರಿಗೆ ಗೊತ್ತಾಗುತ್ತೆ' ಅಂತ ಹೇಳಿದ್ದೆ."

"ಏನಂದ್ರು?"

"ಬೈದಳು. 'ಕಂಡಿದ್ದನ್ನ ಬರೀಬೇಕು ಅಂತ ನಿನ್ನ ಅತ್ತೆ ಹೇಳಿದ್ದಾಳೆ. ನನಗೆ ಕಾಣದೆ ಇರೋದನ್ನ ನಾನು ಹೇಗೆ ಬರೀಲಿ?' ಅಂದಳು."

ನನ್ನ ಕಣ್ಣು ತುಂಬಿತು, ಮುಚ್ಚಿಡಲಿಲ್ಲ. ನಾದಿನಿಯ ಸಹಿ ಹಾಕಿದವಳು, ಹನ್ನೊಂದು ವರ್ಷ ಇಡೀ ಇಲಾಖೆಯ ಕಣ್ಣಿಗೆ ಮಣ್ಣೆರಚಿದವಳು, ಒಂದು ಅಂಕಿಯನ್ನು ಅರ್ಧ ಡಿಗ್ರಿ ಸರಿಸಲು ಒಪ್ಪಲಿಲ್ಲ. ಸರಿಸಿದ್ದರೆ ನಾನಲ್ಲ, ಯಾರೂ ಹಿಡಿಯುತ್ತಿರಲಿಲ್ಲ.

"ಅಂಕಿ ಕಲಿಸಿದವರು ಯಾರು ಟೀಚರ್?"

"ನಾನೇ. ಮತ್ಯಾರು?" ಅವರು ಮೊದಲ ಸಲ ನಕ್ಕರು. "ಅತ್ತೆ ಹೋದ ದಿನ ಬೆಳಿಗ್ಗೆ ಅಮ್ಮ ನನ್ನ ಸ್ಲೇಟು ತಂದು ಮುಂದಿಟ್ಟಳು. 'ಎಂಟು ಗಂಟೆಯೊಳಗೆ ಹತ್ತು ಅಂಕಿ ಕಲಿಸು' ಅಂದಳು. ಆರೂವರೆಗೆ ಶುರು ಮಾಡಿದ್ವಿ. ಏಳು ಮಾತ್ರ ಕೊನೆವರೆಗೂ ತಿರುಗುಮುರುಗಾಗ್ತಿತ್ತು, ನಾನು ಗದರಿಸಿದೆ. ಅತ್ತೆಯ ಸಹಿಯನ್ನ ಚಿತ್ರ ಬರೆದ ಹಾಗೆ ಬರೆದು ಬರೆದು ರೂಢಿ ಮಾಡಿಕೊಂಡಳು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೀನಿ ಲೇಖಕಿಯಮ್ಮ. ನನ್ನ ಮೊದಲ ವಿದ್ಯಾರ್ಥಿನಿ ನಮ್ಮಮ್ಮ."

"ಇನ್‌ಸ್ಪೆಕ್ಟರ್ ಬರ್ತಿರಲಿಲ್ವಾ?" ಎಂದು ಕೇಳಿದಳು ನಾದಿನಿ.

"ವರ್ಷಕ್ಕೊಬ್ಬ ಬರ್ತಿದ್ದ. ಪ್ರತಿ ಸಲ ಹೊಸಬ, ಮುಖ ನೋಡಿದವನಲ್ಲ. ಊರವರು ಗುಡ್ಡ ಹತ್ತೋದೇ ಅಪರೂಪ. 'ಮೇಡಂ ಎಲ್ಲಿ' ಅಂದ್ರೆ ಅಮ್ಮ 'ನಾನೇ' ಅಂತಿದ್ದಳು. ಅದೊಂದು ಮಾತಿಗೆ ಮೂರು ದಿನ ಮೊದಲಿಂದ ಕನ್ನಡಿ ಮುಂದೆ ತಾಲೀಮು. ಅವನು ಗುಡ್ಡ ಇಳಿದ ಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ವಿ."

"ಅತ್ತೆ ಯಾಕೆ ಹೋದ್ರು?"

ನಗು ಆರಿತು. ಟೀಚರ್ ಎದ್ದು ಕಿಟಕಿ ಮುಚ್ಚಿದರು, ಕೆಳಗೆ ಬೇಕರಿಯವರ ಗಲಾಟೆ ಇತ್ತು.

"ನನಗೆ ಗೊತ್ತಿಲ್ಲ. ಹಿಂದಿನ ದಿನ ಇಬ್ಬರಿಗೂ ದೊಡ್ಡ ಜಗಳ ಆಗಿತ್ತು, ಅದೇನು ಹೊಸದಲ್ಲ. ಬೆಳಿಗ್ಗೆ ಎದ್ದಾಗ ಅತ್ತೆ ಇಲ್ಲ. ಪೆಟ್ಟಿಗೆಯ ಬೀಗದ ಕೈ ಅಡುಗೆಮನೆ ಕಟ್ಟೆ ಮೇಲಿತ್ತು. 'ಬರ್ತಾಳೆ' ಅಂದಳು ಅಮ್ಮ. 'ಬರೋ ಹೊತ್ತಿಗೆ ಅವಳ ಕೆಲಸ ಅವಳಿಗೆ ಇರಬೇಕು. ಒಂದು ದಿನ ತಪ್ಪಿದ್ರೂ ಬೇರೆಯವರನ್ನ ಹಾಕಿಬಿಡ್ತಾರೆ.' ಬಂದವಳು ಬೀಗದ ಕೈ ಕೇಳಬೇಕಾಗಬಾರದು ಅಂತ ಅದನ್ನ ಹಿತ್ತಲ ಕಂಬದ ಮೊಳೆಗೇ ನೇತುಹಾಕಿದಳು. ಬರೆಯೋ ಪುಸ್ತಕ ಪೆಟ್ಟಿಗೆಯ ಕೆಳಗಿನ ಅರೆಯಲ್ಲೇ ಇರ್ತಿತ್ತು. ಎಲ್ಲ ಸಿದ್ಧ. ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು."

"ಕಾಗದ ಏನಾದ್ರೂ?"

"ಒಂದು ಸಾಲೂ ಇಲ್ಲ. ಅಮ್ಮನಿಗೆ ಅಕ್ಷರ ಬರಲ್ಲ ಅಂತ ಬರೀಲಿಲ್ಲ ಅಂದುಕೊಂಡರೂ, ನನಗೆ ಬರ್ತಿತ್ತಲ್ಲ?"

ಎಂಬತ್ತು ವರ್ಷದ ಹೆಂಗಸಿನ ದನಿಯಲ್ಲಿ ಒಂಬತ್ತು ವರ್ಷದವಳ ಸಿಟ್ಟು ಹಾಗೇ ಇತ್ತು.

ಆಗ ನಾನು ಡೈರೆಕ್ಟರ ಮಾತು ಹೇಳಿದೆ. ಬರೆದರೆ ಆ ಹನ್ನೊಂದು ವರ್ಷ ದಾಖಲೆಯಿಂದ ಹೋಗುತ್ತದೆ, ಅತ್ತೆಯ ಭಾವಚಿತ್ರವೂ ಹೋಗಬಹುದು. ಬರೆಯದಿದ್ದರೆ ಅಮ್ಮ ಹೆಬ್ಬೆಟ್ಟಾಗಿಯೇ ಉಳಿಯುತ್ತಾಳೆ. "ನೀವು ಹೂಂ ಅಂದ್ರೆ ಬರೀತೀನಿ. ಬೇಡ ಅಂದ್ರೆ ಈ ಕಾಗದ ಇಲ್ಲೇ ಹರಿದು ಹೋಗ್ತೀನಿ. ನನ್ನ ಮೇಲೆ ಆಣೆ."

ನಾದಿನಿ ಎದ್ದು, ಕೇಳದೆಯೇ ಅವರ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

"ಅತ್ತೆಯ ಹೆಸರು ಕೆಡಬಾರದು ಅಂತ ಅಮ್ಮ ನನ್ನ ಕೈ ಹಿಡಿದು ಹೇಳಿಸಿಕೊಂಡಿದ್ದಳು," ಎಂದರು ಕೊನೆಗೆ. "ಅದಕ್ಕೇ ಅರವತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ನೀವು ಬಂದು ಕೇಳಿದಾಗಲೂ ಒಂದು ದಿನವೂ ತಪ್ಪಿಸಿಲ್ಲ ಅಂತ ಅತ್ತೆಯನ್ನೇ ಹೊಗಳಿದೆ. ಜ್ವರದಲ್ಲಿ ನಡುಗ್ತಾ, ಗೋಡೆ ಹಿಡ್ಕೊಂಡು ಹಿತ್ತಲಿಗೆ ಹೋಗಿ ಅಂಕಿ ಬರೆದವಳು ನಮ್ಮಮ್ಮ. ಚಪ್ಪಾಳೆ ಇನ್ನೊಬ್ಬಳಿಗೆ."

ನೀರು ಕುಡಿದರು. ಲೋಟ ಕೆಳಗಿಟ್ಟರು.

"ಬರೀರಿ," ಎಂದರು. "ಮಾತು ಮುರಿದ ಪಾಪ ನನಗಿರಲಿ. ಅಮ್ಮ ಬರೆದದ್ದು ಅಂತ ಬರೀರಿ. ಅದರ ಜೊತೆಗೆ ಇನ್ನೊಂದೂ ಬರೀಬೇಕು. ಅತ್ತೆ ಬಿಟ್ಟುಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ, ತನಗೋಸ್ಕರ ಜೀವ ತೇಯ್ದವಳು ಸತ್ತಾಗಲೂ ಬರಲಿಲ್ಲ ಅಂತ ಬರೀರಿ. ಎರಡೂ ಬರೆಯೋದಾದ್ರೆ ಮಾತ್ರ ನನ್ನ ಒಪ್ಪಿಗೆ."

ಪೆನ್ನು ತೆಗೆದೆ. ಎರಡು ತಿಂಗಳು ಊರೂರು ಅಲೆದು ನಾನು ಪ್ರೀತಿಸಲು ಕಲಿತಿದ್ದ ಮಳೆಮೇಡಂ ಬಗ್ಗೆ ಹೀಗೆ ಬರೆಯಬೇಕಲ್ಲ ಎಂದು ಸಂಕಟವಾಯಿತು. ಆದರೆ ಟೀಚರ್ ಕೇಳಿದ್ದರಲ್ಲಿ ತಪ್ಪೇನಿತ್ತು? ನಡೆದದ್ದು ಅದೇ ಆಗಿದ್ದರೆ ಅದನ್ನೇ ಬರೆಯಬೇಕು.

"ಅಮ್ಮ ತೀರಿಕೊಂಡ ತಾರೀಖು ಹೇಳಿ."

ಹೇಳಿದರು. ತಿಂಗಳು, ವರ್ಷ ಹೇಳಿ, "ಹದಿನಾಲ್ಕು," ಎಂದರು. "ಸಂಜೆ ಆರೂವರೆ. ಬೆಳಿಗ್ಗೆ ಎಂಟಕ್ಕೆ ಹಿತ್ತಲಿಗೆ ಹೋಗಿ ಬರೆದಿದ್ದಳು, ಹಿಂದಿರುಗಿ ಬಂದು ಮಲಗಿದವಳು ಏಳಲಿಲ್ಲ. ಅದೇ ಆ ಪುಸ್ತಕದ ಕೊನೆಯ ಸಾಲು ಆಗಿರಬೇಕು. ನಾನು ನೋಡಿಲ್ಲ. ಅಮ್ಮ ಹೋದ ಮೇಲೆ ಆ ಪೆಟ್ಟಿಗೆ ಕಡೆ ತಿರುಗಿಯೂ ನೋಡಲಿಲ್ಲ. ಕಚೇರಿಯವರು ಬಂದು ಪುಸ್ತಕ ಎತ್ತಿಕೊಂಡು ಹೋದ್ರಂತೆ."

ನಾನು ಬರೆದುಕೊಳ್ಳುತ್ತಿದ್ದೆ. ನಾದಿನಿ ನನ್ನ ಫೋನು ತೆಗೆದುಕೊಂಡು ಪುಟ ಸರಿಸುತ್ತಿದ್ದವಳು ಸರಿಸುವುದನ್ನು ನಿಲ್ಲಿಸಿದಳು.

"ಅತ್ತಿಗೆ, ಕೊನೆಯ ಸಾಲು ಹದಿನಾಲ್ಕಲ್ಲ. ಹದಿನೈದು."

ಪೆನ್ನು ನಿಂತಿತು. ಕೊನೆಯ ಪುಟ ನಾನು ನೋಡಿದ್ದೆ, ಹದಿನೈದೆಂದು ಟಿಪ್ಪಣಿಯಲ್ಲೂ ಬರೆದುಕೊಂಡಿದ್ದೆ. ಈ ತಾಯಿ ಸತ್ತ ದಿನ ಯಾವುದೆಂದು ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ. ಒಂದೂವರೆ ಸಾಲಿನವಳ ಸಾವಿನ ತಾರೀಖು ಯಾರಿಗೆ ಬೇಕಿತ್ತು? ನನ್ನ ದಡ್ಡತನಕ್ಕೆ ನನಗೇ ನಾಚಿಕೆಯಾಯಿತು.

"ಟೀಚರ್, ಹದಿನೈದನೇ ತಾರೀಖು ಬೆಳಿಗ್ಗೆ ಮನೆಯಲ್ಲಿ ಯಾರಿದ್ರು?"

"ನಾನೊಬ್ಬಳೇ. ನೆಂಟರು ಬಂದಿದ್ದು ಮಧ್ಯಾಹ್ನ. ರಾತ್ರಿಯೆಲ್ಲ ಮುಂದಿನ ಕೋಣೆಯಲ್ಲಿ ಅಮ್ಮನ ಪಕ್ಕ ಕೂತಿದ್ದೆ. ಯಾಕೆ?"

"ನೀವು ಹಿತ್ತಲಿಗೆ ಹೋಗಿರಲಿಲ್ವಾ? ಅಮ್ಮನ ಕೆಲಸ ನಿಲ್ಲಬಾರದು ಅಂತ..."

"ಹೋಗಲಿಲ್ಲ ಅಂದೆನಲ್ಲ. ಹಿತ್ತಲ ಬಾಗಿಲು ಹಾಕಿತ್ತು."

ನಾದಿನಿ ಫೋನನ್ನು ಅವರ ಕೈಗೆ ಕೊಟ್ಟಳು. ಟೀಚರ್ ಕನ್ನಡಕ ಏರಿಸಿಕೊಂಡರು. ಪರದೆಯ ಮೇಲೆ ಎರಡು ಸಾಲು, ಒಂದರ ಕೆಳಗೊಂದು.

ಹದಿನಾಲ್ಕು. ಕಣ್ಣಿನದು ಹತ್ತೊಂಬತ್ತು ಪಾಯಿಂಟ್ ಎಂಟು, ಡ್ರಮ್ಮಿನದು ಹತ್ತೊಂಬತ್ತು ಪಾಯಿಂಟ್ ಮೂರು. ಅಂಕಿಗಳು ಅಲುಗಾಡಿದ್ದವು, ಜ್ವರದ ಕೈ.

"ಐದು," ಎಂದರು ಟೀಚರ್. ಅಮ್ಮನ ಅಂಕಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

ಹದಿನೈದು. ಕಣ್ಣಿನದು ಹದಿನೆಂಟು ಪಾಯಿಂಟ್ ಆರು. ಡ್ರಮ್ಮಿನದು ಹದಿನೆಂಟು ಪಾಯಿಂಟ್ ಆರು. ಗಟ್ಟಿ ಕೈ. ಸಹಿಯಲ್ಲಿ ಒಂದಿಷ್ಟೂ ತಡವರಿಕೆ ಇರಲಿಲ್ಲ.

ಟೀಚರ್ ಕಳೆದರು. ತುಟಿ ಆಡಿತು, ನಿಂತಿತು. ಮೇಲಿನಿಂದ ಮತ್ತೆ ಕಳೆದರು. ನಲವತ್ತು ವರ್ಷ ಗಣಿತ ಕಲಿಸಿದವರು ಆ ಒಂದು ಲೆಕ್ಕವನ್ನು ಮೂರು ಸಲ ಮಾಡಿದರು.

"ಸೊನ್ನೆ," ಎಂದರು.

ನನ್ನ ನಾದಿನಿ ನನ್ನ ಮೊಣಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ. ಅದರ ಅರ್ಥ ಏನೆಂದು ಟೀಚರಿಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅವರ ಒಂದು ಕೈ ಮೇಜನ್ನು ಹುಡುಕುತ್ತಿತ್ತು.

"ಅತ್ತೆ ಬಂದಿದ್ದಳು," ಎಂದರು. ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. "ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಂದು, ಬೀಗ ತೆಗೆದು, ಬರೆದು, ಸಹಿ ಹಾಕಿದ್ದಾಳೆ. ಅಮ್ಮ ಹೋದದ್ದು ಅವಳಿಗೆ ಹೇಗೆ ಗೊತ್ತಾಯ್ತು? ಎಲ್ಲಿದ್ದಳು ಅವಳು?"

"ಹುಡುಕ್ತೀನಿ ಟೀಚರ್," ಎಂದೆ.

ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಕೊನೆಯ ಸಾಲನ್ನೇ ನೋಡುತ್ತಿದ್ದರು.

"ನಾನು ಒಳಗೆ ಒಬ್ಬಳೇ ಅಳ್ತಾ ಕೂತಿದ್ದೆ," ಎಂದರು. "ಮಧ್ಯೆ ಒಂದು ಬಾಗಿಲು ಇತ್ತು, ಅಷ್ಟೇ. ನನ್ನ ಅಳು ಅವಳಿಗೆ ಕೇಳಿಸಿರಲೇಬೇಕು. ಯಾಕೆ ಒಳಗೆ ಬರಲಿಲ್ಲ?"